ನಳ ಬಂತು ಅಂತ ಅಪ್ಪನಿಗೆ ಹೇಳುವ ನಾಯಿ: ನಾವು ಕಲಿಸಿದ ರೀತಿ

ಬೆಟಗೇರಿಯಲ್ಲಿ ನಮ್ಮ ಓಣಿಗೆ ನಳದ ನೀರು ಯಾವ ಹೊತ್ತಿಗೆ ಬರುತ್ತದೆ ಅಂತ ಯಾರೂ ಹೇಳಲಾರರು. ಮೊದಲು ಗಾಳಿ ಬರುತ್ತದೆ, ಸುಸ್ಸ್ ಅಂತ. ಆಮೇಲೆ ಕೆಮ್ಮಿದ ಹಾಗೆ ನಾಲ್ಕು ಹನಿ. ಆ ಸುಸ್ಸ್ ಕೇಳಿದವರ ಕೊಡ ತುಂಬುತ್ತದೆ. ಕೇಳದವರು ಮತ್ತೆ ಎಷ್ಟೋ ದಿನ ಕಾಯಬೇಕು.

ನಮ್ಮಪ್ಪನಿಗೆ ಕೇಳಲ್ಲ. 32 ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯ್ದವರು. ಮಗ್ಗದ ಸದ್ದು ಕಿವಿಯನ್ನು ತಿನ್ನುವಾಗ ಮೊದಲು ಸಿಳ್ಳೆಯಂಥ ತೆಳು ಸದ್ದುಗಳನ್ನೇ ತಿನ್ನುತ್ತದೆ. ಹಾಗಾಗಿ ಎದುರು ಕೂತು ದಪ್ಪ ದನಿಯಲ್ಲಿ ಮಾತಾಡಿದರೆ ಅವರಿಗೆ ಅಷ್ಟಿಷ್ಟು ತಿಳಿಯುತ್ತದೆ. ಕುಕ್ಕರ್ ಸಿಳ್ಳೆ, ಬಾಗಿಲ ಗಂಟೆ, ನಳದ ಸುಸ್ಸ್ ಮಾತ್ರ ಇಲ್ಲವೇ ಇಲ್ಲ. ಕಿವಿ ಮಷೀನ್ ಕೊಡಿಸಿದೆವು. "ತಲ್ಯಾಗ ಮತ್ತ ಮಗ್ಗ ನಡದಂಗಾಗತೈತಿ" ಅಂದು ಡಬ್ಬಿಯಲ್ಲಿಟ್ಟರು. ನಾನು ಬೆಳಿಗ್ಗೆ ರೈಲು ಹತ್ತಿ ಹುಬ್ಬಳ್ಳಿಗೆ ಹೋದರೆ ಬರುವುದು ರಾತ್ರಿಯೇ. ಅಷ್ಟೂ ಹೊತ್ತು ಮನೆಯಲ್ಲಿ ಅವರು ಮತ್ತು ಚುಕ್ಕಿ.

ಚುಕ್ಕಿ ಬೀದಿ ನಾಯಿ. ಈ ಕೆಲಸಕ್ಕೆ ಜಾತಿ ನಾಯಿಯೇ ಬೇಕಿಲ್ಲ. ಮುಧೋಳ ನಾಯಿ ತರೋಣ ಅಂತ ನನ್ನ ತಮ್ಮ ಹಟ ಹಿಡಿದಿದ್ದ. ಸೈನ್ಯದವರು 2016ರಲ್ಲಿ ಅವನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿದ್ದು ನಿಜ. ಆದರೆ ಅದು ಕಣ್ಣಿಂದ ಬೇಟೆ ಹುಡುಕಿ ಬೆನ್ನಟ್ಟುವ ನಾಯಿ. ನಮ್ಮ ಎರಡು ಕೋಣೆಯಲ್ಲಿ ಅದು ಏನು ಓಡಬೇಕು? ನಾನು ನೋಡಿದ್ದು ಒಂದೇ. ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬೀಳಿಸಿದೆ. ಚುಕ್ಕಿ ಬೆಚ್ಚಿ ಹಿಂದೆ ಸರಿದಳು, ಆಮೇಲೆ ತಾನೇ ಬಂದು ತಟ್ಟೆ ಮೂಸಿದಳು. ಅಂಥ ನಾಯಿ ಸಾಕು. ಓಡಿಹೋಗಿ ಮಂಚದ ಕೆಳಗೆ ಸೇರುವುದೂ ಬೇಡ, ಪ್ರತಿ ಸದ್ದಿಗೂ ಬೊಗಳುವುದೂ ಬೇಡ. ರೇಬೀಸ್ ಲಸಿಕೆ ಮೊದಲೇ ಹಾಕಿಸಿ.

ಕಲಿಸಲು ಬೇಯಿಸಿದ ಕೋಳಿ ಚೂರು ಇಟ್ಟುಕೊಳ್ಳಿ, ಕಡಲೆ ಕಾಳಿನಷ್ಟು ದೊಡ್ಡದು. ಉಪ್ಪು, ಖಾರ, ಉಳ್ಳಾಗಡ್ಡಿ ಸೋಕಿರಬಾರದು. ಉಳ್ಳಾಗಡ್ಡಿ ನಾಯಿಗೆ ವಿಷ. ಅದರ ಊಟಕ್ಕೆ ಮುಂಚೆ ಐದೈದು ನಿಮಿಷ, ದಿನಕ್ಕೆ ಮೂರು ಸಲ. ಅದಕ್ಕಿಂತ ಜಾಸ್ತಿ ಎಳೆದರೆ ಇಬ್ಬರಿಗೂ ಬೇಜಾರು.

ಎಲ್ಲರೂ ಸದ್ದಿನಿಂದ ಶುರು ಮಾಡುತ್ತಾರೆ. ನೀವು ಮೊಣಕಾಲಿನಿಂದ ಶುರು ಮಾಡಿ. ಅಪ್ಪ ಕುರ್ಚಿಯಲ್ಲಿ ಕೂತು ಮೊಣಕಾಲಿನ ಮೇಲೆ ಅಂಗೈ ಇಡುತ್ತಿದ್ದರು, ಬೆರಳ ಸಂದಿಯಲ್ಲಿ ಕೋಳಿ ಚೂರು. ಚುಕ್ಕಿಯ ಮೂಗು ತಾಗಿದ ಕ್ಷಣ "ಹೂಂ" ಅಂದು ಕೊಟ್ಟುಬಿಡುವುದು. ಆ "ಹೂಂ" ಬಹಳ ಮುಖ್ಯ. ಮೂಗು ತಾಗಿದಾಗಲೇ ಬರಬೇಕು. ನಾಲ್ಕು ಸೆಕೆಂಡ್ ತಡವಾದರೆ ನಾಯಿ ಅಷ್ಟರಲ್ಲಿ ಕಿವಿ ಕೆರೆದುಕೊಂಡಿರುತ್ತದೆ, ಕಿವಿ ಕೆರೆದಿದ್ದಕ್ಕೇ ಕೊಟ್ಟರು ಅಂದುಕೊಳ್ಳುತ್ತದೆ. ಆಮೇಲೆ ಅಂಗೈ ತೆಗೆದು ಬರೀ ಮೊಣಕಾಲು. ಹತ್ತಕ್ಕೆ ಎಂಟು ಸಲ ಸರಿ ಮುಟ್ಟಿದ ಮೇಲೆ ಆಚೆ ಕೋಣೆಯಿಂದ ಬಂದು ಮುಟ್ಟುವುದು. ಇಷ್ಟಕ್ಕೇ ನಮಗೆ ಎರಡು ವಾರ ಹಿಡಿಯಿತು.

ಆಮೇಲೆ ಸದ್ದು. ನಳದ ಸುಸ್ಸ್ ಅನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಫೋನನ್ನು ನಳದ ಹತ್ತಿರವೇ ಇಟ್ಟು ಸಣ್ಣಗೆ ಹಾಕಿ. ಕುಕ್ಕರ್ ಸಿಳ್ಳೆಯಾದರೆ ಇನ್ನೂ ಸಣ್ಣಗೆ. ನಾಯಿಗೆ ನಮಗಿಂತ ಎರಡು ಪಟ್ಟು ತೆಳುವಾದ ಸದ್ದೂ ಕೇಳುತ್ತದೆ, ನಮ್ಮ ಮಿತಿ ಸೆಕೆಂಡಿಗೆ 20,000 ಕಂಪನ (ಹರ್ಟ್ಜ್) ಆದರೆ ಅದರದ್ದು ಸುಮಾರು 45,000. ಸದ್ದು ಬಂದ ಕೂಡಲೇ ಅಪ್ಪ ಮೊಣಕಾಲು ತಟ್ಟಿ ಕರೆಯುವಂತೆ ನಾನು ಕೈ ಸನ್ನೆ ಮಾಡುತ್ತಿದ್ದೆ. ಸದ್ದು, ಮೊಣಕಾಲು, ಕೋಳಿ. ಕೆಲವು ದಿನಗಳಲ್ಲಿ ಕರೆಯದೆಯೇ ಬರತೊಡಗಿದಳು. ಮುಟ್ಟಿದ ಮೇಲೆ ಅಪ್ಪ ಎರಡೂ ಅಂಗೈ ಮೇಲೆತ್ತಿ "ಎಲ್ಲಿ?" ಅನ್ನಬೇಕು, ಎದ್ದು ಅವಳ ಹಿಂದೆ ನಡೆಯಬೇಕು. ಎರಡನೇ ಚೂರು ಸದ್ದಿನ ಜಾಗದಲ್ಲಿ.

ಇಲ್ಲಿ ನಾವು ಎಡವಿದೆವು. ಚುಕ್ಕಿ ಜಾಣೆ. ಮೊಣಕಾಲು ಮುಟ್ಟಿದರೆ ಚೂರು ಸಿಗುತ್ತದೆ ಅಂದಮೇಲೆ ಸದ್ದಿಗೆ ಯಾಕೆ ಕಾಯಬೇಕು? ಅರ್ಧ ಗಂಟೆಗೊಮ್ಮೆ ಬಂದು ಮುಟ್ಟುತ್ತಿದ್ದಳು. ಅಪ್ಪ ಪ್ರತಿ ಸಲ ಎದ್ದು, ಒಣಗಿದ ನಳ ನೋಡಿ, ಆದರೂ ಪಾಪ ಅಂತ ಬಿಸ್ಕೀಟು ಕೊಡುತ್ತಿದ್ದರು. ನಾಯಿ ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಕಿವಿ ಕೇಳದವರಿಗೆ ಹೇಗೆ ಗೊತ್ತಾಗಬೇಕು ಹೇಳಿ? ಪಕ್ಕದ ಮನೆಯ ಕುಕ್ಕರ್ ಕೂಗಿದರೂ ನಮ್ಮ ಅಡುಗೆಮನೆಗೆ ಮೆರವಣಿಗೆ.

ಉಪಾಯ ಹೊಳೆದದ್ದು ಅಪ್ಪನಿಗೇ. ಮೊಣಕಾಲಿನ ಹತ್ತಿರ ಕೊಡುವುದನ್ನೇ ನಿಲ್ಲಿಸಿದರು. ಕೋಳಿ ಚೂರಿನ ಡಬ್ಬಿಯನ್ನು ನಳದ ಮೇಲಿನ ಗೂಡಿನಲ್ಲಿಟ್ಟರು. ನೀರು ಕಣ್ಣಿಗೆ ಕಂಡರೆ ಚೂರು. ಕುಕ್ಕರಿನ ಮೇಲೆ ಹಬೆ ಕಂಡರೆ ಚೂರು. ಬಾಗಿಲಲ್ಲಿ ಮನುಷ್ಯ ಕಂಡರೆ ಚೂರು. ಏನೂ ಇಲ್ಲದಿದ್ದರೆ ಬೈಯುವುದಿಲ್ಲ, ತಲೆ ಸವರುವುದೂ ಇಲ್ಲ, ಸುಮ್ನೆ ವಾಪಸ್ ಬಂದು ಕೂರುವುದು. ಹತ್ತು ದಿನದಲ್ಲಿ ಸುಳ್ಳು ನಿಂತಿತು. ಪಕ್ಕದ ಮನೆ ಕುಕ್ಕರಿಗೆ ಈಗ ಒಂದು ಕಿವಿ ಮಾತ್ರ ಎತ್ತುತ್ತಾಳೆ.

ಒಂದು ಎಚ್ಚರ. ಎಲ್ಲ ಸದ್ದಿನ ಹತ್ತಿರವೂ ಕರೆದೊಯ್ಯಲು ಕಲಿಸಬೇಡಿ. ಬ್ರಿಟನ್ನಿನಲ್ಲಿ ಕಿವುಡರಿಗಾಗಿ ತಯಾರಾಗುವ ನಾಯಿಗಳು ಬೆಂಕಿಯ ಅಲಾರಂ ಕೇಳಿದರೆ ಮುಟ್ಟಿ, ಅಲ್ಲೇ ನೆಲಕ್ಕೆ ಮಲಗಿಬಿಡುತ್ತವೆ. ಬೆಂಕಿಯ ಕಡೆ ಒಯ್ಯುವುದಿಲ್ಲ.

ಕಲಿತ ಮೇಲೂ ವಾರಕ್ಕೆರಡು ಸಲ ರೆಕಾರ್ಡ್ ಹಾಕಿ ನೆನಪಿಸಿ. ಆದರೆ ಆಗಲೂ ನಳದಿಂದ ನಿಜವಾಗಿ ಒಂದಿಷ್ಟು ನೀರು ಬೀಳಲಿ, ಟ್ಯಾಂಕಿನದ್ದಾದರೂ ಸರಿ. ಇಲ್ಲದಿದ್ದರೆ ಈ ಸಲ ಸುಳ್ಳು ಹೇಳಿದವರು ನಾವಾಗುತ್ತೇವೆ.

ಮೊನ್ನೆ ರಾತ್ರಿ ಮೂರು ಗಂಟೆಗೆ ಯಾರೋ ನನ್ನ ಭುಜ ಅಲುಗಾಡಿಸಿದರು. ಕಣ್ಣು ಬಿಟ್ಟರೆ ಅಪ್ಪ, ಒದ್ದೆ ಪಂಚೆ, ಕೈಯಲ್ಲಿ ಕೊಡ. ಹಿಂದೆ ಚುಕ್ಕಿ ಬಾಯಿ ಚಪ್ಪರಿಸುತ್ತಿದ್ದಳು.

"ಏಳೋ, ನಳ ಬಂದು ತಾಸಾತು. ನಿನಗ ಕಿವಿ ಕೇಳಂಗಿಲ್ಲೇನು?"