ಇಶಾಪುರದ ಹಳೇ ರೈಫಲ್‌ಗೆ ತೋಟಾ ತುಂಬುವ ಮುಂಚೆ

ಟೆಕ್ಸಾಸ್‌ನಲ್ಲಿ ಮಿಲಿಟರಿಯಿಂದ ಹೊರಬಿದ್ದ ಹಳೇ ರೈಫಲ್ ಕೊಳ್ಳುವುದು ದೊಡ್ಡ ವಿಷಯವಲ್ಲ. ಕೊಂಡ ಮೇಲೆ ಅದನ್ನು ನಂಬಿ ಕೆನ್ನೆಗೆ ಒತ್ತಿಕೊಳ್ಳಬಹುದಾ ಅನ್ನುವುದೇ ಪ್ರಶ್ನೆ. ನನ್ನದು ಇಶಾಪುರ 2ಎ1. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ, 1962ರ ಚೀನಾ ಯುದ್ಧದ ನಂತರ ರೂಪುಗೊಂಡ ಕೋವಿ. ನೋಡಲು ಥೇಟ್ .303 ಲೀ-ಎನ್‌ಫೀಲ್ಡ್, ಹೊಡೆಯುವುದು ಮಾತ್ರ 7.62 ನೇಟೋ ತೋಟಾ. ಹಳೇ .303ಗಳನ್ನೇ ತಿದ್ದಿ ಮಾಡಿದ್ದು ಅಂತ ಅಂಗಡಿಯವರೂ ಹೇಳುತ್ತಾರೆ. ಹಾಗಲ್ಲ, ಜಾಸ್ತಿ ಒತ್ತಡ ತಡೆಯಲೆಂದು ಇನ್ನೂ ಒಳ್ಳೆಯ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು. (ಭಾರತದಲ್ಲಿ ಈ ಬೋರ್, ಅಂದರೆ ನಳಿಕೆಯ ಈ ಅಳತೆ, ಸಾಮಾನ್ಯರಿಗೆ ನಿಷಿದ್ಧ. ಮಲೆನಾಡಿನ ಮನೆಗಳಲ್ಲಿ ಲೈಸೆನ್ಸ್ ಮೇಲಿರುವ .315 ಇದರ ದಾಯಾದಿ.)

ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದೆ. ಆಮೇಲೆ ಗುರುತುಗಳು. ‘ಡಿಪಿ’ ಅಂತ ಮುದ್ರೆ ಇದ್ದರೆ ಅದು ಕವಾಯತಿಗೆ ಇಟ್ಟ ಕೋವಿ, ಗುಂಡು ಹೊಡೆಯಲು ಅಲ್ಲ. ನಳಿಕೆಯ ಮೇಲಿನ ಮರಕ್ಕೆ ತಂತಿ ಸುತ್ತಿದ್ದರೆ ಗ್ರೆನೇಡ್ ಹಾರಿಸಲು ಬಳಸಿರಬಹುದು. ಅಂಥದ್ದನ್ನು ನಾನು ಕೊಳ್ಳುವುದೇ ಇಲ್ಲ. ತೋಟಾದ ಹಿಂದೆ ಮುಚ್ಚುವ ಅಗುಳಿಯೇ ಬೋಲ್ಟ್. ಅದರ ಹಿಡಿಯ ಹಿಂಬದಿಯ ನಂಬರ್, ಕೋವಿಯ ಮೈಮೇಲಿನ ನಂಬರ್ ಎರಡೂ ಒಂದೇ ಇದ್ದವು. ಬೇರೆ ಇದ್ದರೆ ಯಾವುದೋ ಕೋವಿಯ ಬೋಲ್ಟ್ ಇದಕ್ಕೆ ಬಂದಿದೆ ಅಂತ ಅರ್ಥ.

ಗ್ರೀಸು ತೆಗೆಯುವುದೇ ಅರ್ಧ ಕೆಲಸ. ನಳಿಕೆ, ತೋಟಾ ಕೂರುವ ಚೇಂಬರ್, ಬೋಲ್ಟ್‌ನ ಒಳಗೆ, ಎಲ್ಲ ಕಡೆ ಗಟ್ಟಿಯಾಗಿ ಕೂತಿರುತ್ತದೆ. ಅದು ಹೋಗುವವರೆಗೆ ಬಿರುಕೂ ಕಾಣುವುದಿಲ್ಲ, ತುಕ್ಕಿನ ಗುಳಿಯೂ ಕಾಣುವುದಿಲ್ಲ. ನಳಿಕೆಯಲ್ಲಿ ಸಣ್ಣ ಗುಳಿಗಳಿದ್ದರೆ ಗುರಿ ಸ್ವಲ್ಪ ಕೆಡಬಹುದು, ಅಷ್ಟೇ. ಉಬ್ಬು ಇದ್ದರೆ ಮಾತೇ ಬೇರೆ. ಒಳಗೆ ಕಪ್ಪು ಉಂಗುರದಂತೆ ನೆರಳು ಕಂಡರೆ ಉಬ್ಬಿದ ನಳಿಕೆ ಅಂತ ಅನುಮಾನ ಪಡಬೇಕು. ಮರವನ್ನೂ ಬಿಚ್ಚಿ ನೋಡಿದೆ. ಲೀ-ಎನ್‌ಫೀಲ್ಡ್‌ನಲ್ಲಿ ಟ್ರಿಗರ್ ಹತ್ತಿರ ಮರ ಉಕ್ಕಿಗೆ ಒರಗುವ ಜಾಗವೇ ಗುಂಡು ಹೊಡೆದಾಗಿನ ಹಿಂದೊದೆತವನ್ನು ತಡೆಯುವುದು, ಬಿರುಕು ಬಿಡುವುದೂ ಅಲ್ಲೇ.

ಆದರೆ ಎಲ್ಲರೂ ನಳಿಕೆಯ ಹೊಳಪು ನೋಡಿ ಖುಷಿಪಡುತ್ತಾರಲ್ಲ, ಪ್ರಾಣಕ್ಕೆ ಕುತ್ತು ಬರುವುದು ಹಿಂದುಗಡೆಯಿಂದ. ಬೋಲ್ಟ್‌ನ ಮುಖದಿಂದ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ, ಅಂದರೆ ಹೆಡ್‌ಸ್ಪೇಸ್, ಜಾಸ್ತಿಯಾದರೆ ಹಿತ್ತಾಳೆಯ ಕೇಸ್ ಹಿಗ್ಗಿ ಹರಿದು ಬಿಸಿ ಗ್ಯಾಸ್ ಮುಖದ ಕಡೆ ನುಗ್ಗಬಹುದು. ಇದಕ್ಕೆ ಗೇಜ್ ಬೇಕು, ಅಂದರೆ ತೋಟಾದ ಜಾಗದಲ್ಲಿಟ್ಟು ನೋಡುವ ಅಳತೆಯ ಉಕ್ಕಿನ ತುಂಡು. ಕಣ್ಣಂದಾಜು ಸಾಲದು. ‘ಗೋ’ ಗೇಜ್ ಮೇಲೆ ಬೋಲ್ಟ್ ಮುಚ್ಚಬೇಕು, ‘ನೋ-ಗೋ’ ಮೇಲೆ ಮುಚ್ಚಬಾರದು. .308ರ ಗೇಜ್‌ಗಳಲ್ಲಿ ‘ಗೋ’ 1.630 ಇಂಚು, ‘ನೋ-ಗೋ’ 1.634. ಖಾಲಿ ಕೇಸ್ ಎಳೆಯುವ ಕೊಕ್ಕೆ, ಅಂದರೆ ಎಕ್ಸ್‌ಟ್ರ್ಯಾಕ್ಟರ್, ಬಿಚ್ಚಿ, ಚೇಂಬರ್ ಒರೆಸಿ, ಬೆರಳ ತುದಿಯಲ್ಲಿ ಬೋಲ್ಟ್ ತಳ್ಳಿದೆ. ಒತ್ತಿ ಮುಚ್ಚಿದರೆ ಗೇಜೂ ಹಾಳು, ಲೆಕ್ಕವೂ ಸುಳ್ಳು. ‘ಗೋ’ ಮೇಲೆ ಮುಚ್ಚಿತು, ‘ನೋ-ಗೋ’ ಮೇಲೆ ಮುಚ್ಚಲಿಲ್ಲ. ಬೋಲ್ಟನ್ನು ಲಾಕ್ ಮಾಡಿ ಹಿಡಿಯುವ ಎರಡೂ ಚಾಚುಗಳಿಗೆ, ಅಂದರೆ ಲಗ್‌ಗಳಿಗೆ, ಮಾರ್ಕರ್ ಹಚ್ಚಿ ಎರಡೂ ಸಮವಾಗಿ ತಾಗುತ್ತಿವೆಯಾ ಅಂತಲೂ ನೋಡಿದೆ.

ಟ್ರಿಗರ್ ಪರೀಕ್ಷೆ ಖಾಲಿ ಕೋವಿಯಲ್ಲೇ. ಬೋಲ್ಟ್ ಜೋರಾಗಿ ಮುಚ್ಚಿ, ಹಿಡಿಯನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದೆ. ತಾನಾಗಿ ಬಿಟ್ಟುಕೊಳ್ಳಬಾರದು. ಇಷ್ಟೆಲ್ಲ ಮಾಡಿದರೂ ಒಮ್ಮೆ ಗನ್‌ಸ್ಮಿತ್‌ಗೆ ತೋರಿಸಿದೆ. ಆ ದುಡ್ಡು ದಂಡವಲ್ಲ.

ಮೊದಲ ಗುಂಡುಗಳನ್ನು ಕೈಯಲ್ಲಿ ಹಿಡಿದು ಹೊಡೆಯಲಿಲ್ಲ. ರೇಂಜ್‌ನವರ ಅನುಮತಿ ಪಡೆದು, ಕೋವಿಯನ್ನು ಹಳೇ ಟೈರಿಗೆ ಕಟ್ಟಿ, ದೂರದಿಂದ ದಾರ ಎಳೆದೆ. ಸಿಡಿಯಲಿಲ್ಲ ಅನ್ನುವುದಷ್ಟೇ ಪುರಾವೆಯಲ್ಲ, ಹೊರಬಿದ್ದ ಕೇಸ್ ಓದಬೇಕು. ಬುಡದ ಮೇಲ್ಗಡೆ ಹೊಳೆಯುವ ಗೆರೆ ಇದ್ದರೆ ಹಿತ್ತಾಳೆ ಒಳಗೆ ತೆಳುವಾಗುತ್ತಿದೆ ಅಂತ. ಪೇಪರ್ ಕ್ಲಿಪ್‌ನ ತುದಿ ಬಗ್ಗಿಸಿ ಕೇಸ್ ಒಳಗೆ ಕೆರೆದರೆ ಆ ಕಾಲುವೆ ಕೈಗೇ ಸಿಗುತ್ತದೆ. ನನ್ನವು ನುಣ್ಣಗಿದ್ದವು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಹೊರಗೆ ಬಂದಿರಲಿಲ್ಲ.

.308 ವಿಂಚೆಸ್ಟರ್ ಹಾಕಬಹುದಾ ಅಂತ ಜನ ಕೇಳುತ್ತಾರೆ. ಅಳತೆ ಹೆಚ್ಚುಕಡಿಮೆ ಒಂದೇ, ಚೇಂಬರಿಗೆ ಕೂರುತ್ತದೆ. ಆದರೆ ಲೀ-ಎನ್‌ಫೀಲ್ಡ್ ಬೋಲ್ಟ್ ಲಾಕ್ ಆಗುವುದು ಹಿಂದಿನ ಲಗ್‌ಗಳಲ್ಲಿ, ಒತ್ತಡ ಬಂದಾಗ ಬೋಲ್ಟ್ ಸ್ವಲ್ಪ ಮಣಿಯುತ್ತದೆ. ಜೊತೆಗೆ ಅಂಗಡಿಯ ಬೇಟೆ ತೋಟಾಗಳ ಹಿತ್ತಾಳೆ ಸಾಮಾನ್ಯವಾಗಿ ತೆಳು. ಹಾಗಾಗಿ ನಾನು ನೇಟೋ ಅಳತೆಯ 147 ಗ್ರೇನ್ ತೂಕದ ಗುಂಡಿನ ತೋಟಾಗಳನ್ನಷ್ಟೇ ಹಾಕುತ್ತೇನೆ, ಕೇಸ್ ಕೆರೆದು ನೋಡುವ ಪೇಪರ್ ಕ್ಲಿಪ್ ಜೇಬಿನಲ್ಲೇ ಇರುತ್ತದೆ.