ಮೊದಲ ವಾರ ಗಾಳಿ ಬೇಕು, ಆಮೇಲೆ ಬೇಡ

ನಮ್ಮ ಮನೆಯ ಕ್ರಿಸ್‌ಮಸ್ ವೈನಿಗೆ ಅಮ್ಮನದು ಒಂದೇ ಲೆಕ್ಕ. ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಪಿಂಗಾಣಿ ಜಾಡಿ. ಅಕ್ಟೋಬರ್‌ನಲ್ಲಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಡಿಸೆಂಬರ್‌ಗೆ ಕೇಕಿನ ಜೊತೆ ಸಣ್ಣ ಗ್ಲಾಸಿನಲ್ಲಿ ಬರುತ್ತಿತ್ತು. ರುಚಿಯೇನೋ ಇತ್ತು, ಆದರೆ ಅದು ಸಕ್ಕರೆ, ಚಕ್ಕೆಗಳ ರುಚಿ. ದ್ರಾಕ್ಷಿ ಎಲ್ಲೋ ಕಳೆದುಹೋಗಿತ್ತು.

ನಾನು ಕೈಹಾಕಿದ ಮೊದಲ ವರ್ಷ ಸಕ್ಕರೆ ತೀರಾ ಕಡಿಮೆ ಮಾಡಿದೆ. ಉಳಿದದ್ದೆಲ್ಲ ಅಮ್ಮನ ಹಾಗೇ, ಮೂರು ವಾರ ದಿನಾ ಮುಚ್ಚಳ ತೆಗೆದು ಕಲಕುವುದೂ ಸೇರಿ. ಸಿಕ್ಕಿದ್ದು ಒಳ್ಳೆ ವಿನೆಗರ್. ಉಪ್ಪಿನಕಾಯಿಗೆ ಬಳಸಿದೆವು.

ಎಡವಿದ್ದು ಎಲ್ಲಿ ಅಂತ ಗೊತ್ತಾಗಲು ಇನ್ನೊಂದು ವರ್ಷ ಬೇಕಾಯಿತು. ಶುರುವಿನಲ್ಲಿ, ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್ ಬೆಳೆಯಲು ಸ್ವಲ್ಪ ಗಾಳಿ ಬೇಕು. ಆಗ ರಸ ಕುದಿಯುವ ಹಾಗೆ ನೊರೆ ಬರುತ್ತದೆ, ಹೊರಬರುವ ಕಾರ್ಬನ್ ಡೈಆಕ್ಸೈಡೇ ಮೇಲೆ ಹೊದಿಕೆಯಂತೆ ಕೂತಿರುತ್ತದೆ. ಕಲಕಿದರೆ ತೊಂದರೆ ಇಲ್ಲ, ಕಲಕಲೇಬೇಕು. ನೊರೆ ಇಳಿದ ಮೇಲೆ ಆ ಹೊದಿಕೆ ಇರುವುದಿಲ್ಲ. ಆಗ ಒಳಗೆ ಹೋದ ಗಾಳಿಯಲ್ಲಿ ಅಸಿಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ಹುಳಿ ಮಾಡುತ್ತದೆ. ಅಮ್ಮನ ಜಾಡಿ ಕೆಡದಿದ್ದದ್ದು ಬಹುಶಃ ಆ ಪರಿ ಸಕ್ಕರೆಯಿಂದ. ಸಕ್ಕರೆ ಪಾಕದಲ್ಲಿ ಅದಕ್ಕೂ ಬದುಕುವುದು ಕಷ್ಟ ಅಲ್ವಾ!

ಈಗ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆಯಿಂದ ಬರುವ ಬೆಂಗಳೂರು ಬ್ಲೂ ದ್ರಾಕ್ಷಿ 10 ಕಿಲೋ ತರುತ್ತೇನೆ. ತೊಟ್ಟು ಬಿಡಿಸಿ, ಕೊಳೆತದ್ದು ಆರಿಸಿ, ಕೈಯಲ್ಲೇ ಹಿಸುಕುತ್ತೇನೆ. ಮಿಕ್ಸಿ ಬೇಡವೇ ಬೇಡ, ಬೀಜ ಒಡೆದರೆ ಕಹಿ. ಆಮೇಲೆ ಹೈಡ್ರೋಮೀಟರ್, ಅಂದರೆ ರಸದ ಸಾಂದ್ರತೆ ನೋಡಿ ಸಕ್ಕರೆ ಎಷ್ಟಿದೆ ಅಂತ ತಿಳಿಸುವ ಗಾಜಿನ ಕಡ್ಡಿ (ಬರೀ ನೀರಿಗೆ 1.000). ಕಳೆದ ಸಲ 1.068 ತೋರಿಸಿತು. ಅದರಿಂದ 9 ಪರ್ಸೆಂಟ್ ಆಲ್ಕೋಹಾಲ್ ಬರುತ್ತದೆ, ಅಷ್ಟೇ. ಲೀಟರ್ ರಸಕ್ಕೆ ಸುಮಾರು 50 ಗ್ರಾಂ ಸಕ್ಕರೆ ಸೇರಿಸಿದೆ, 1.088ರ ಹತ್ತಿರ ಬಂತು. ಎಲ್ಲಾ ಸೇರಿ ಅರ್ಧ ಕಿಲೋಗಿಂತ ಕಡಿಮೆ. ಬೇಡದ ಸೂಕ್ಷ್ಮಜೀವಿಗಳನ್ನು ತಡೆಯಲು ಚಿಟಿಕೆ ಪೊಟ್ಯಾಶಿಯಂ ಮೆಟಾಬೈಸಲ್ಫೈಟ್ (10 ಲೀಟರಿಗೆ 1 ಗ್ರಾಂ, ತೂಗಿಯೇ ಹಾಕಬೇಕು) ಹಾಕಿ ಒಂದು ದಿನ ಬಿಟ್ಟು, ವೈನ್ ಯೀಸ್ಟನ್ನು ಬೆಚ್ಚಗಿನ ನೀರಲ್ಲಿ ಎಬ್ಬಿಸಿ ಸೇರಿಸುತ್ತೇನೆ. ಬ್ರೆಡ್ ಯೀಸ್ಟ್ ಹಾಕಿಯೂ ನೋಡಿದ್ದೇನೆ. ಹಿಟ್ಟಿನ ವಾಸನೆ ಹೋಗಲೇ ಇಲ್ಲ.

ಸಿಪ್ಪೆ ಮೇಲೆದ್ದು ದಪ್ಪ ಪದರ ಕಟ್ಟುತ್ತದೆ. ದಿನಕ್ಕೆ ಮೂರು ಸಲ ಅದನ್ನು ಅದುಮಿ ಮುಳುಗಿಸಬೇಕು, ಬಣ್ಣ ಇರುವುದೇ ಸಿಪ್ಪೆಯಲ್ಲಿ. ಒಣಗಲು ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಐದನೇ ದಿನ ಸೋಸುತ್ತೇನೆ. ದ್ರಾಕ್ಷಿ ಮಿಠಾಯಿಯ ಗಾಢ ವಾಸನೆ ಗೊತ್ತಲ್ಲ, ಅದಕ್ಕೆ ಕಾರಣವಾದ ಮೀಥೈಲ್ ಆಂಥ್ರನಿಲೇಟ್ ಬೆಂಗಳೂರು ಬ್ಲೂ ಜಾತಿಯ ಹಣ್ಣಲ್ಲೇ ಇದೆ. ಸಿಪ್ಪೆ ಜಾಸ್ತಿ ದಿನ ಇದ್ದರೆ ಅದೊಂದೇ ಮೂಗಿಗೆ ಹೊಡೆಯುತ್ತದೆ, ನನಗಂತೂ ಹಿಡಿಸುವುದಿಲ್ಲ.

ಅಲ್ಲಿಂದ ಮುಂದೆ ಗಾಳಿಗೆ ಪ್ರವೇಶವಿಲ್ಲ. ಕಿರಿದಾದ ಕತ್ತಿನ ಗಾಜಿನ ಜಾರ್, ಒಳಗಿನ ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್, ಕತ್ತಿನವರೆಗೆ ವೈನ್. ಹೈಡ್ರೋಮೀಟರ್ ರೀಡಿಂಗ್ 0.995ಕ್ಕೆ ಇಳಿದು ಕೆಲವು ದಿನ ಅಲ್ಲೇ ನಿಂತರೆ ಸಕ್ಕರೆ ಮುಗಿದಿದೆ ಅಂತ. ಅದಕ್ಕೂ ಮೊದಲೇ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಬಾಟಲಿ ಸಿಡಿಯಬಹುದು. ಆಮೇಲೆ ಪೈಪಿನಲ್ಲಿ ಮೇಲಿನ ತಿಳಿ ಮಾತ್ರ ಬೇರೆ ಜಾರಿಗೆ ಇಳಿಸಿ, ತಳದ ಗಷ್ಟು ಚೆಲ್ಲಬೇಕು. ಪ್ರತಿ ಸಲ ಇಳಿಸಿದಾಗ ವೈನ್ ಕಡಿಮೆಯಾಗುತ್ತದೆ, ಮೇಲೆ ಜಾಗ ಉಳಿಯುತ್ತದೆ. ತುಂಬಲು ಬೇರೆ ವೈನ್ ಎಲ್ಲಿಂದ ತರಲಿ? ಮಗನ ಗಾಜಿನ ಗೋಲಿಗಳನ್ನು ಕುದಿಸಿ, ಆರಿಸಿ ಒಳಗೆ ಬಿಡುತ್ತೇನೆ. ವೈನ್ ಕತ್ತಿಗೆ ಏರುತ್ತದೆ. ಕಳೆದ ಸಲ 46 ಗೋಲಿ ಹಿಡಿದವು.

ಕ್ರಿಸ್‌ಮಸ್ ದಿನ ಅಮ್ಮನಿಗೆ ಅರ್ಧ ಗ್ಲಾಸ್ ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಸಕ್ಕರೆ ಹಾಕೋದು ಮರೆತೆಯಾ?"