ನಾಯಿಯ ವಿಚಾರಣೆ ಆಮೇಲೆ, ಮೊದಲು ನಲ್ಲಿ

ನಾನು ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ಕೆಲಸ ಮಾಡುವ ನರ್ಸ್. ನಾಯಿ ಕಚ್ಚಿಸಿಕೊಂಡವರು ಬಾಗಿಲಲ್ಲೇ ಶುರು ಮಾಡುತ್ತಾರೆ: "ಸಾಕಿದ ನಾಯಿನೇ ಸಿಸ್ಟರ್, ಹುಚ್ಚೇನೂ ಹಿಡಿದಿಲ್ಲ." ಅದು ಯಾರ ನಾಯಿ, ಯಾಕೆ ಕಚ್ಚಿತು, ತಪ್ಪು ಯಾರದ್ದು, ಎಲ್ಲ ವಿಚಾರಣೆ ಮುಗಿಸಿಯೇ ಬಂದಿರುತ್ತಾರೆ. "ಗಾಯ ತೊಳೆದ್ರಾ?" ಅಂತ ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ.

ಹಾಗಾಗಿ ಮೊದಲು ನಲ್ಲಿ. ಹರಿಯುವ ನೀರಿನ ಕೆಳಗೆ ಗಾಯ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅಂದಾಜಿನ ಮೇಲೆ ಬಿಟ್ಟರೆ ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ. ಹುಚ್ಚುನಾಯಿ ರೋಗ ಅಂದರೆ ರೇಬೀಸ್. ಅದರ ವೈರಸ್ಸಿನ ಮೇಲೆ ಜಿಡ್ಡಿನ ಪದರ ಇರುತ್ತದೆ. ಸೋಪು ಆ ಪದರವನ್ನು ಒಡೆಯುತ್ತದೆ, ವೈರಸ್ ಅಲ್ಲೇ ಸಾಯುತ್ತದೆ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಔಷಧಿ ನನ್ನ ಕೋಣೆಯಲ್ಲೂ ಇಲ್ಲ. ತೊಳೆದ ಮೇಲೆ ಪೊವಿಡೋನ್ ಅಯೋಡಿನ್ ಅನ್ನುವ ಗಾಯದ ಔಷಧಿ ಇದ್ದರೆ ಹಚ್ಚಿ. ಪುಡಿ, ಎಣ್ಣೆ, ಸೊಪ್ಪಿನ ರಸ ಏನನ್ನೂ ಮೆತ್ತಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಹೊಲಿಗೆ ಹಾಕಿ ಅಂತ ಡಾಕ್ಟರನ್ನು ಒತ್ತಾಯ ಮಾಡಬೇಡಿ. ಹೊಲಿಗೆ ಬೇಕೇ ಬೇಕು ಅಂದರೆ ಸೀರಮ್ (ಗಾಯಕ್ಕೇ ಚುಚ್ಚುವ ಇಂಜೆಕ್ಷನ್, ಮುಂದೆ ಹೇಳುತ್ತೇನೆ) ಕೊಟ್ಟ ಮೇಲೆ ಸಡಿಲವಾಗಿ ಹಾಕುತ್ತಾರೆ.

ಇಷ್ಟು ಅವಸರ ಯಾಕೆ? ವೈರಸ್ ಗಾಯದಿಂದ ನರಕ್ಕೆ ಸೇರಿ, ನರದ ಉದ್ದಕ್ಕೂ ಮೆಲ್ಲಗೆ ಮೆದುಳಿನ ಕಡೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದೇ ವಾರದಲ್ಲಿ ಕಾಣಿಸಿಕೊಂಡದ್ದೂ ಇದೆ, ವರ್ಷ ಕಳೆದ ಮೇಲೆ ಬಂದದ್ದೂ ಇದೆ. ಮುಖ, ಕುತ್ತಿಗೆ, ಬೆರಳುಗಳಿಗೆ ಕಚ್ಚಿದರೆ ಅಪಾಯ ಜಾಸ್ತಿ. ನೀರು ಕಂಡರೆ ಹೆದರುವ ಹಂತ ಬಂತು ಅಂದರೆ ಉಳಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಅದಕ್ಕೆ ಮುಂಚೆ ಪೂರ್ತಿ ಚಿಕಿತ್ಸೆ ಸರಿಯಾಗಿ ಸಿಕ್ಕರೆ ಸಾವನ್ನು ತಡೆಯಬಹುದು.

ಯಾವ ಗಾಯಕ್ಕೆ ಏನು ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಮೂರು ದರ್ಜೆ ಮಾಡಿ ಹೇಳಿದೆ. ಪ್ರಾಣಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೇ ದರ್ಜೆ. ಅದಕ್ಕೆ ತೊಳೆದರೆ ಸಾಕು, ಇಂಜೆಕ್ಷನ್ ಬೇಡ. ರಕ್ತ ಬಾರದ ಪರಚು ಗಾಯ ಎರಡನೇ ದರ್ಜೆ, ಅದಕ್ಕೆ ಲಸಿಕೆ ಬೇಕು. ಚರ್ಮ ಸೀಳಿ ರಕ್ತ ಬಂದಿದ್ದರೆ, ಹಳೇ ಗಾಯಕ್ಕೋ ಕಣ್ಣು ಬಾಯಿಗೋ ಜೊಲ್ಲು ತಾಗಿದ್ದರೆ ಮೂರನೇ ದರ್ಜೆ. ಆಗ ಲಸಿಕೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ನಾವು ಸೀರಮ್ ಅನ್ನುವುದು ಇದನ್ನೇ. ಲಸಿಕೆ ಕೆಲಸ ಶುರು ಮಾಡಲು ವಾರಕ್ಕಿಂತ ಜಾಸ್ತಿ ದಿನ ಬೇಕು. ಅಲ್ಲಿಯವರೆಗೆ ಗಾಯದಲ್ಲೇ ಕಾವಲು ಕಾಯುವುದು ಈ ಸೀರಮ್. ಇದನ್ನು ಗಾಯದೊಳಗೆ, ಗಾಯದ ಸುತ್ತ ಚುಚ್ಚುತ್ತೇವೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಬಾವಲಿ ವಿಷಯದಲ್ಲಿ ಲೆಕ್ಕವೇ ಬೇರೆ. ಅದರ ಹಲ್ಲಿನ ಗುರುತು ಕಣ್ಣಿಗೆ ಕಾಣುವುದೂ ಕಷ್ಟ, ಆದ್ದರಿಂದ ಅದು ಮೈಗೆ ತಾಗಿದರೂ ನೇರ ಆಸ್ಪತ್ರೆಗೆ ಬನ್ನಿ.

ಲಸಿಕೆಯನ್ನು ತೋಳಿನ ಸ್ನಾಯುವಿಗೆ ಕೊಡುವ ಹಳೆಯ ಪದ್ಧತಿಯಲ್ಲಿ 0, 3, 7, 14, 28ನೇ ದಿನ ಹಾಕುತ್ತಾರೆ. ಸೊನ್ನೆ ದಿನ ಅಂದರೆ ಮೊದಲ ಡೋಸ್ ಹಾಕಿದ ದಿನ, ಕಚ್ಚಿದ ದಿನ ಅಲ್ಲ. ಚರ್ಮದ ಪದರಕ್ಕೆ ಸ್ವಲ್ಪ ಸ್ವಲ್ಪವೇ ಕೊಡುವ ಪದ್ಧತಿಯೂ ಇದೆ, ಅದರ ದಿನಗಳು ಬೇರೆ. ನಿಮ್ಮ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ನೋಡಿ. ಎರಡು ಹಾಕಿಸಿಕೊಂಡು "ಆರಾಮಾಗಿದ್ದೀನಿ" ಅಂತ ನಾಪತ್ತೆಯಾಗುವವರಿಗೇ ನಾನು ಜಾಸ್ತಿ ಬೈಯುವುದು. ದೊಡ್ಡವರಿಗೆ ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಯ ಮುಂಭಾಗಕ್ಕೆ ಹಾಕುತ್ತಾರೆ. ಪೃಷ್ಠಕ್ಕೆ ಹಾಕುವ ಹಾಗಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಎಲ್ಲರೂ ಹಾಕಿಸಿಕೊಳ್ಳಬಹುದು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುವ ಕಾಲ ಮುಗಿದುಹೋಗಿದೆ, ಆದರೂ ಅದರ ಭಯ ಮಾತ್ರ ಹೋಗಿಲ್ಲ! ಮೊದಲೇ ಪೂರ್ತಿ ಕೋರ್ಸ್ ಆಗಿದ್ದವರಿಗೆ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನ ಎರಡು ಡೋಸ್ ಸಾಕು, ಸೀರಮ್ ಬೇಡ. ಹಳೇ ಚೀಟಿ ಎಸೆಯಬೇಡಿ ಅನ್ನುವುದು ಅದಕ್ಕೇ.

ಇನ್ನೊಂದು ಮಾತು. ಟಿಟಿ ಹಾಕಿಸಿಕೊಂಡು ಮನೆಗೆ ಹೋಗುವವರಿದ್ದಾರೆ. ಟಿಟಿ ಧನುರ್ವಾಯುವಿಗೆ. ಅದೂ ಬೇಕಾಗಬಹುದು, ಆದರೆ ರೇಬೀಸಿಗೆ ಅದರಿಂದ ಏನೂ ಆಗದು. "ಯಾವುದರ ಇಂಜೆಕ್ಷನ್ ಇದು?" ಅಂತ ಬಾಯಿಬಿಟ್ಟು ಕೇಳಿ. ಕಚ್ಚಿ ವಾರಗಳೇ ಕಳೆದಿದ್ದರೂ ಬನ್ನಿ, ತಡವಾಯಿತು ಅಂತ ಮನೆಯಲ್ಲೇ ಕೂರಬೇಡಿ.

ಈಗ ನಾಯಿಯ ವಿಷಯಕ್ಕೆ ಬರೋಣ. ಕಚ್ಚಿದ ನಾಯಿಯನ್ನು ಹೊಡೆದು ಸಾಯಿಸಬೇಡಿ. ನಾಯಿ ಅಥವಾ ಬೆಕ್ಕು ಕಚ್ಚಿದ ಮೇಲೆ 10 ದಿನ ಆರೋಗ್ಯವಾಗಿ ಬದುಕಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಅಂತ ಅರ್ಥ. ಆಗ ಉಳಿದ ಡೋಸ್ ಬೇಕೋ ಬೇಡವೋ ಡಾಕ್ಟರ್ ಹೇಳುತ್ತಾರೆ. ಸಾಯಿಸಿದರೆ ಆ ಸಾಕ್ಷಿಯೇ ಹೋಯಿತು. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಅನ್ನಬೇಡಿ. ಲಸಿಕೆ ಇವತ್ತೇ, ಕಾಯುವುದು ಅದರ ಜೊತೆಜೊತೆಗೆ. ಬೇರೆ ಪ್ರಾಣಿಗಳಿಗೆ ಈ ಹತ್ತು ದಿನದ ಲೆಕ್ಕ ಹಾಕಬೇಡಿ.

ಹುಚ್ಚು ಅಂದರೆ ಜೊಲ್ಲು ಸುರಿಸುತ್ತಾ ಅಟ್ಟಿಸಿಕೊಂಡು ಬರುವ ನಾಯಿ ಅಂತಲೇ ಎಲ್ಲರ ಲೆಕ್ಕ. ಮೂಲೆ ಸೇರಿ ಮಂಕಾಗಿ ಮಲಗುವ, ದವಡೆ ಜೋತುಬಿದ್ದು ನುಂಗಲಾಗದೆ ಒದ್ದಾಡುವ ನಾಯಿಗೂ ರೇಬೀಸ್ ಇರಬಹುದು. ದನಕ್ಕೂ ಬರುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಅದರ ಬಾಯಿಗೆ ಬರಿಗೈ ಹಾಕುವವರನ್ನು ನೆನೆದರೆ ನನಗೆ ಎದೆ ಝಲ್ಲೆನ್ನುತ್ತದೆ.

ಶಂಕಿತ ಪ್ರಾಣಿಯಿಂದ ಕಚ್ಚಿಸಿಕೊಳ್ಳುವವರಲ್ಲಿ ಸುಮಾರು 40% ಮಂದಿ 15 ವರ್ಷದೊಳಗಿನ ಮಕ್ಕಳು. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಮುಖಕ್ಕೇ ಸಿಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ, ಬೈಸಿಕೊಳ್ಳುವ ಭಯಕ್ಕೆ ಅವರು ಹೇಳುವುದೇ ಇಲ್ಲ. "ನಾಯಿ ಕಚ್ಚಿದ್ರೆ, ಪರಚಿದ್ರೆ ಹೇಳು, ಬೈಯಲ್ಲ" ಅಂತ ಮೊದಲೇ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು, ನಾಯಿ ಬೆನ್ನಟ್ಟಿದರೆ ಓಡದೆ ಕೈ ಮೈಗೆ ಸೇರಿಸಿ ಅಲುಗದೆ ನಿಲ್ಲಬೇಕು ಅಂತ ಕಲಿಸಿ.

ಮನುಷ್ಯರಿಗೆ ರೇಬೀಸ್ ಬರುವುದು 99% ನಾಯಿಗಳಿಂದಲೇ. ಹಾಗಾಗಿ ನನ್ನ ಕೋಣೆ ಖಾಲಿಯಾಗಬೇಕಾದರೆ ನಾಯಿಗಳಿಗೆ ಸೂಜಿ ಬೀಳಬೇಕು. ಒಂದು ಪ್ರದೇಶದ 70% ನಾಯಿಗಳಿಗೆ ತಪ್ಪದೆ ಲಸಿಕೆ ಆದರೆ ರೋಗದ ಸರಪಳಿ ಕಡಿಯುತ್ತದೆ. ಬೀದಿ ನಾಯಿಗಳನ್ನು ಕೊಂದರೆ ಆ ಜಾಗಕ್ಕೆ ಲಸಿಕೆ ಕಾಣದ ಹೊಸ ನಾಯಿಗಳು ಬಂದು ಸೇರುತ್ತವೆ, ಅಷ್ಟೇ. ಅದಕ್ಕಿಂತ, ಬೀದಿ ನಾಯಿಗಳಿಗೆ ದಿನಾ ಊಟ ಹಾಕುವವರನ್ನು ಲಸಿಕೆ ತಂಡದ ಜೊತೆ ಕಳಿಸಿ. ಅವರು ಕರೆದರೆ ನಾಯಿ ಬರುತ್ತದೆ.

ಲಸಿಕೆ ಎಲ್ಲಿ ಸಿಗುತ್ತದೆ, ಸೀರಮ್ ಎಲ್ಲಿ ಸಿಗುತ್ತದೆ, ರಾತ್ರಿ ಹೊತ್ತು ಯಾರು ಕೊಡುತ್ತಾರೆ ಅನ್ನುವುದನ್ನು ಇವತ್ತೇ ವಿಚಾರಿಸಿ ಎಲ್ಲರಿಗೂ ಕಾಣುವ ಕಡೆ ಬರೆದು ಹಾಕಿ. ಸೀರಮ್ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ಇಲ್ಲ ಅಂದರೆ ಲಸಿಕೆಯ ಮೊದಲ ಡೋಸನ್ನು ಅಲ್ಲೇ ಹಾಕಿಸಿಕೊಂಡು ಸೀರಮ್ ಇರುವ ಕಡೆ ಹೊರಡಿ. ಆ ಡೋಸ್ ಆಗಿ ಏಳು ದಿನ ದಾಟಿದ ಮೇಲೆ ಸೀರಮ್ ಕೊಡುವುದಿಲ್ಲ.